ದುಡಿಯುತ್ತಲೇ ಪದವಿ: ತಂತ್ರಾಂಶ ಶಿಶಿಕ್ಷು ವ್ಯವಸ್ಥೆಯ ಲೆಕ್ಕಾಚಾರ

ಶಿಶಿಕ್ಷು, ಅಂದರೆ ಅಪ್ರೆಂಟಿಸ್, ಎಂದೊಡನೆ ಉದ್ದಿಮೆದಾರರ ಕಣ್ಣ ಮುಂದೆ ಬರುವುದು ಐ.ಟಿ.ಐ. ಮುಗಿಸಿ ಎಚ್.ಎ.ಎಲ್. ಅಥವಾ ಬಿ.ಇ.ಎಲ್.ನಂತಹ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತ ಯುವಕನ ಚಿತ್ರ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಮೊದಲಾದ ಕಸುಬುಗಳಿಗಷ್ಟೇ ಸೀಮಿತವೆಂದು ಬಹುಕಾಲ ಭಾವಿಸಲಾಗಿದ್ದ ಈ ಪದ್ಧತಿಯು ಈಗ ಗಣಕಯಂತ್ರದ ಮುಂದೆ ಕುಳಿತು ತಂತ್ರಾಂಶ ಬರೆಯುವವರನ್ನೂ ಒಳಗೊಂಡಿದೆ. ದೊಡ್ಡ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ಸಂಬಳ ಪಡೆಯುತ್ತಲೇ, ಅದೇ ಅವಧಿಯಲ್ಲಿ ವಿಶ್ವವಿದ್ಯಾಲಯದ ಪದವಿಯನ್ನೂ ಗಳಿಸುವ ಈ ಏರ್ಪಾಡಿಗೆ ಪದವಿ ಶಿಶಿಕ್ಷು ವ್ಯವಸ್ಥೆ ಎಂದು ಹೆಸರು. ಇಂಗ್ಲೆಂಡಿನಲ್ಲಿ ಇದು 2015ರಿಂದ ವ್ಯವಸ್ಥಿತವಾಗಿ ನಡೆದಿದೆ. ನಮ್ಮ ದೇಶದಲ್ಲಿ ಇದಕ್ಕೆ ಬೇಕಾದ ಕಾನೂನು ಹಾಗೂ ಶೈಕ್ಷಣಿಕ ಚೌಕಟ್ಟು ಇತ್ತೀಚಿನ ವರ್ಷಗಳಲ್ಲಿ ರೂಪುಗೊಂಡಿದೆ.

ಕಾಲೇಜುಗಳು ಈ ಪ್ರಸ್ತಾವದೊಡನೆ ಉದ್ದಿಮೆಗಳ ಬಾಗಿಲಿಗೆ ಬರತೊಡಗಿರುವುದರಿಂದ ಸದಸ್ಯ ಸಂಸ್ಥೆಗಳು ಇದರ ಒಳಹೊರಗನ್ನು ಅರಿಯುವುದು ಅಗತ್ಯ. ಇಲ್ಲಿ ಮುಖ್ಯ ಪ್ರಶ್ನೆಗಳು ಎರಡು. ಕಲಿಕೆಯ ವೆಚ್ಚವನ್ನು ಯಾರು ಭರಿಸುತ್ತಾರೆ? ಕಲಿಕೆಗೆಂದು ಮೀಸಲಾದ ಸಮಯವನ್ನು ಯಾರು ಕಾಯುತ್ತಾರೆ? ಇವೆರಡಕ್ಕೆ ಸ್ಪಷ್ಟ ಉತ್ತರವಿಲ್ಲದೆ ಆರಂಭವಾದ ಯೋಜನೆಯಲ್ಲಿ ಕಂಪನಿಗೆ ನುರಿತ ಕೆಲಸಗಾರ ದೊರೆಯುವುದಿಲ್ಲ. ಯುವಕನಿಗೆ ತೂಕವಿರುವ ಪದವಿಯೂ ದೊರೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ರೂಪುಗೊಂಡ ಬಗೆ

ಇಂಗ್ಲೆಂಡಿಗೆ ಶಿಶಿಕ್ಷು ಪದ್ಧತಿ ಹೊಸದಲ್ಲ. 1563ರ ಶಾಸನವೊಂದು ಕುಶಲ ಕಸುಬು ನಡೆಸಬೇಕಾದವನು ಏಳು ವರ್ಷ ಶಿಶಿಕ್ಷುವಾಗಿ ದುಡಿದಿರಬೇಕೆಂದು ವಿಧಿಸಿತ್ತು. 1814ರಲ್ಲಿ ಆ ಕಡ್ಡಾಯವು ರದ್ದಾಯಿತು. 2012ರಲ್ಲಿ ಉದ್ಯಮಿ ಡಗ್ ರಿಚರ್ಡ್ ಅವರು ಸರ್ಕಾರಕ್ಕೆ ಸಲ್ಲಿಸಿದ ವರದಿಯು ಶಿಶಿಕ್ಷು ತರಬೇತಿಯ ಮಾನದಂಡಗಳನ್ನು ಉದ್ಯೋಗದಾತರೇ ರೂಪಿಸಬೇಕೆಂದು ಸಲಹೆ ನೀಡಿತು. ಅದರ ಫಲವಾಗಿ ಹುಟ್ಟಿದ ಹೊಸ ಮಾನದಂಡಗಳಲ್ಲಿ ಪದವಿ ಮಟ್ಟದ ಮೊದಲಿಗರ ಸಾಲಿನಲ್ಲಿದ್ದುದು ಡಿಜಿಟಲ್ ಮತ್ತು ತಂತ್ರಜ್ಞಾನ ಪರಿಹಾರಗಳ ವೃತ್ತಿಪರ ಎಂಬುದು. ತಂತ್ರಾಂಶ ಎಂಜಿನಿಯರ್, ದತ್ತಾಂಶ ವಿಶ್ಲೇಷಕ, ಸೈಬರ್ ಭದ್ರತಾ ವಿಶ್ಲೇಷಕ ಮುಂತಾದ ಕವಲುಗಳು ಅದರಲ್ಲಿವೆ. ಕ್ಯಾಪ್‌ಜೆಮಿನಿ ಕಂಪನಿಯು ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸಿದ ಕಾರ್ಯಕ್ರಮವು ಈ ದಿಸೆಯಲ್ಲಿ ಆರಂಭದ ಪ್ರಯತ್ನಗಳಲ್ಲೊಂದು.

ಹದಿನೆಂಟು ವಯಸ್ಸಿನ ಸುಮಾರಿಗೆ ಶಾಲೆ ಮುಗಿಸಿದ ಅಭ್ಯರ್ಥಿಯು ಈ ವ್ಯವಸ್ಥೆಯಲ್ಲಿ ಮೊದಲು ಕಂಪನಿಯ ಆಯ್ಕೆಯಲ್ಲಿ ತೇರ್ಗಡೆಯಾಗಬೇಕು. ಆಯ್ಕೆಯಾದ ದಿನದಿಂದ ಅವನು ಅಥವಾ ಅವಳು ಕಂಪನಿಯ ನೌಕರ. ನೌಕರಿಯ ಕರಾರು, ಸಂಬಳ, ಸಂಬಳಸಹಿತ ರಜೆ ಎಲ್ಲವೂ ಉಂಟು. ವಿಶ್ವವಿದ್ಯಾಲಯದ ಶುಲ್ಕವನ್ನು ಶಿಶಿಕ್ಷುವಿನಿಂದ ವಸೂಲಿ ಮಾಡುವಂತಿಲ್ಲ. ಅದೇ ವಯಸ್ಸಿನ ಸಾಮಾನ್ಯ ವಿದ್ಯಾರ್ಥಿಯು 2017ರಿಂದ ಹಲವು ವರ್ಷ ಜಾರಿಯಲ್ಲಿದ್ದ 9,250 ಪೌಂಡ್ ವಾರ್ಷಿಕ ಶುಲ್ಕದ ಮಿತಿಯಂತೆ ಮೂರು ವರ್ಷಕ್ಕೆ 27,750 ಪೌಂಡ್ ಸಾಲವನ್ನು ಶುಲ್ಕದ ಬಾಬತ್ತಿಗೇ ಹೊರಬೇಕಾಗಿತ್ತು. ಸಾಲವಿಲ್ಲದ ಪದವಿ, ಜೊತೆಗೆ ಮೂರು ನಾಲ್ಕು ವರ್ಷಗಳ ಅನುಭವ: ಮಧ್ಯಮ ವರ್ಗದ ಮತ್ತು ಬಡ ಕುಟುಂಬಗಳ ಮಕ್ಕಳಿಗೆ ಇದರ ಆಕರ್ಷಣೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಹಣದ ಮೂಲ

ಶಿಶಿಕ್ಷುವೂ ಕೊಡದ ಹಣ ಬರುವುದೆಲ್ಲಿಂದ? 2017ರ ಏಪ್ರಿಲ್‌ನಿಂದ ಅಲ್ಲಿ ಶಿಶಿಕ್ಷು ಸುಂಕವೆಂಬ ವಂತಿಗೆಯು ಜಾರಿಗೆ ಬಂದಿತು. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಸಂಬಳದ ಬಟವಾಡೆ ಇರುವ ಉದ್ಯೋಗದಾತರು ಆ ಮೊತ್ತದ ಶೇ. 0.5ರಷ್ಟನ್ನು ತೆರಬೇಕು, ಇದರಲ್ಲಿ 15,000 ಪೌಂಡ್ ವಿನಾಯಿತಿ. ಉದಾಹರಣೆಗೆ, ಒಂದು ಕೋಟಿ ಪೌಂಡ್ ಸಂಬಳ ಕೊಡುವ ಕಂಪನಿಗೆ ಶೇ. 0.5ರಂತೆ 50,000 ಪೌಂಡ್ ಆಗುತ್ತದೆ; ವಿನಾಯಿತಿ ಕಳೆದರೆ ತೆರಬೇಕಾದುದು 35,000 ಪೌಂಡ್. ಈ ಹಣವು ಕಂಪನಿಯ ಹೆಸರಿನ ಖಾತೆಯೊಂದರಲ್ಲಿ ಜಮೆಯಾಗುತ್ತದೆ. ಅದನ್ನು ಅನುಮೋದಿತ ತರಬೇತಿ ಮತ್ತು ಮೌಲ್ಯಮಾಪನಕ್ಕೆ ಮಾತ್ರ ಬಳಸಬಹುದು, ಸಂಬಳಕ್ಕೆ ಬಳಸುವಂತಿಲ್ಲ. ನಿಗದಿತ ಅವಧಿಯಲ್ಲಿ ಬಳಸದಿದ್ದರೆ ಅದು ಕೈತಪ್ಪುತ್ತದೆ. ಹೀಗಾಗಿ ಹೇಗಿದ್ದರೂ ತೆತ್ತ ಹಣವನ್ನು ತರಬೇತಿಗೆ ಬಳಸಿಕೊಳ್ಳಲು ದೊಡ್ಡ ಕಂಪನಿಗಳು ಮುಂದೆ ಬಂದವು.

ಲೆಕ್ಕ ಬಲ್ಲವರು ಗಮನಿಸಬೇಕಾದ ಮತ್ತೊಂದು ಅಂಶ ಪಾವತಿಯ ಕ್ರಮ. ವಿಶ್ವವಿದ್ಯಾಲಯಕ್ಕೆ ಶೇ. 80ರಷ್ಟು ಹಣವು ತಿಂಗಳ ಕಂತುಗಳಲ್ಲಿ ಸಲ್ಲುತ್ತದೆ. ಉಳಿದ ಶೇ. 20ರಷ್ಟನ್ನು ಶಿಶಿಕ್ಷುವು ಕಾರ್ಯಕ್ರಮವನ್ನು ಪೂರೈಸುವವರೆಗೂ ತಡೆಹಿಡಿಯಲಾಗುತ್ತದೆ. ಗುತ್ತಿಗೆದಾರನ ಬಿಲ್ಲಿನಲ್ಲಿ ಭದ್ರತಾ ಠೇವಣಿ ಹಿಡಿಯುವಂತೆಯೇ ಇದು. ಸೇರಿಸಿಕೊಂಡ ತಲೆಗಳಿಗಲ್ಲ, ಕೊನೆ ಮುಟ್ಟಿಸಿದ ಕಲಿಕೆಗೆ ಹಣ ಎಂಬ ತತ್ವ ಇದರಲ್ಲಿದೆ.

ಕಲಿಕೆಯ ದಿನ

ಕಂಪನಿಯೊಳಗೆ ಶಿಶಿಕ್ಷುವಿನ ಬೆಳವಣಿಗೆಯು ಮೆಟ್ಟಿಲು ಮೆಟ್ಟಿಲಾಗಿ ನಡೆಯುವುದು ವಾಡಿಕೆ. ಆರಂಭದಲ್ಲಿ ಈಗಾಗಲೇ ಇರುವ ತಂತ್ರಾಂಶದ ಪರೀಕ್ಷೆ, ಸಣ್ಣ ದೋಷಗಳ ತಿದ್ದುಪಡಿ, ಬರೆದುದನ್ನು ದಾಖಲೆಯಲ್ಲಿ ಕ್ರಮವಾಗಿ ಇರಿಸುವ ಅಭ್ಯಾಸ. ಬಳಿಕ ಹಿರಿಯರ ಪರಿಶೀಲನೆಗೊಳಪಟ್ಟು ಸಣ್ಣ ಭಾಗಗಳನ್ನು ಸ್ವತಃ ಬರೆಯುವುದು. ಕೊನೆಯ ವರ್ಷದಲ್ಲಿ ಕಂಪನಿಗೆ ನಿಜಕ್ಕೂ ಬೇಕಾದ ಯೋಜನೆಯೊಂದನ್ನು ಕೈಗೊಂಡು, ಅದನ್ನೇ ಪದವಿಯ ಅಂತಿಮ ಮೌಲ್ಯಮಾಪನಕ್ಕೆ ಸಲ್ಲಿಸುವುದು. ಬೆಳಿಗ್ಗೆ ತರಗತಿಯಲ್ಲಿ ಕೇಳಿದ ದತ್ತಸಂಚಯದ ಪಾಠವನ್ನು ವಾರದೊಳಗೆ ಕೆಲಸದಲ್ಲಿ ಬಳಸುವ ಅವಕಾಶವು ಸಾಮಾನ್ಯ ವಿದ್ಯಾರ್ಥಿಗೆ ಇರುವುದಿಲ್ಲ.

ಆದರೆ ಇದೆಲ್ಲವೂ ನಿಂತಿರುವುದು ಒಂದು ನಿಯಮದ ಮೇಲೆ. ಸಂಬಳದ ವೇಳೆಯ ಐದನೆಯ ಒಂದು ಭಾಗವನ್ನು, ಅಂದರೆ ವಾರಕ್ಕೆ ಹೆಚ್ಚುಕಡಿಮೆ ಒಂದು ದಿನವನ್ನು, ದೈನಂದಿನ ಕೆಲಸದಿಂದ ಬಿಡುವು ಕೊಟ್ಟು ಕಲಿಕೆಗೆ ಮೀಸಲಿಡಬೇಕೆಂಬುದು ಮೂಲ ನಿಯಮ. 2022ರಲ್ಲಿ ಇದನ್ನು ಪೂರ್ಣಾವಧಿ ಶಿಶಿಕ್ಷುವಿಗೆ ವಾರಕ್ಕೆ ಆರು ಗಂಟೆಗಳ ಲೆಕ್ಕಕ್ಕೆ ಬದಲಾಯಿಸಲಾಯಿತು. ರಾತ್ರಿ ಮನೆಯಲ್ಲಿ ಕುಳಿತು ಓದಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಯೋಜನೆಯ ಗಡುವು ಹತ್ತಿರ ಬಂದಾಗ ಮೇಲಧಿಕಾರಿಯ ಕಣ್ಣು ಮೊದಲು ಬೀಳುವುದು ಇದೇ ದಿನದ ಮೇಲೆ. "ಈ ವಾರ ಒಂದು ಬಾರಿ" ಎಂದು ಆರಂಭವಾದುದು ಪದ್ಧತಿಯಾಗಿಬಿಟ್ಟರೆ ಶಿಶಿಕ್ಷುವು ಹಗಲು ಕೆಲಸಗಾರ, ರಾತ್ರಿ ವಿದ್ಯಾರ್ಥಿ ಆಗಿ, ಕೊನೆಗೆ ಎರಡರಲ್ಲೊಂದನ್ನು ಕೈಬಿಡುತ್ತಾನೆ.

ಅಲ್ಲಿಯ ಅನುಭವವೂ ಸಂಪೂರ್ಣ ಸಿಹಿಯಲ್ಲ. ಎಲ್ಲ ಮಟ್ಟದ ಶಿಶಿಕ್ಷು ಕಾರ್ಯಕ್ರಮಗಳನ್ನು ಒಟ್ಟಾಗಿ ನೋಡಿದರೆ 2020ರ ದಶಕದ ಮೊದಲ ವರ್ಷಗಳಲ್ಲಿ ಯಶಸ್ವಿಯಾಗಿ ಪೂರೈಸಿದವರು ಸುಮಾರು ಅರ್ಧದಷ್ಟು ಮಾತ್ರ. ಸುಂಕದ ಹಣವನ್ನು ಹೊಸಬರಿಗಿಂತ ಈಗಾಗಲೇ ನೌಕರಿಯಲ್ಲಿರುವ ಹಿರಿಯರ ಉನ್ನತ ತರಬೇತಿಗೆ ತಿರುಗಿಸಲಾಗುತ್ತಿದೆ ಎಂಬ ಟೀಕೆಯೂ ಬಲವಾಗಿ ಕೇಳಿಬಂದಿತು. 2026ರ ಜನವರಿಯಿಂದ ಸ್ನಾತಕೋತ್ತರ ಮಟ್ಟದ ಶಿಶಿಕ್ಷು ಕಾರ್ಯಕ್ರಮಗಳಿಗೆ ಹಣಕಾಸಿನ ನೆರವನ್ನು ಮುಖ್ಯವಾಗಿ 21 ವರ್ಷದವರೆಗಿನವರಿಗೆ ಸೀಮಿತಗೊಳಿಸಲಾಯಿತು.

ನಮ್ಮಲ್ಲಿಯ ಚೌಕಟ್ಟು

ದುಡಿಯುತ್ತ ಕಲಿಯುವ ಪದ್ಧತಿ ನಮ್ಮ ವಾಣಿಜ್ಯ ವಲಯಕ್ಕೆ ಅಪರಿಚಿತವಲ್ಲ. ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಆರ್ಟಿಕಲ್‌ಶಿಪ್ ಮಾಡುವ ಯುವಕ ಯುವತಿಯರನ್ನು ಪ್ರತಿಯೊಬ್ಬ ವ್ಯಾಪಾರಿಯೂ ಕಂಡಿದ್ದಾನೆ. ಅವಧಿಯು 2023ರ ಹೊಸ ಯೋಜನೆಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ತಂತ್ರಾಂಶ ಕ್ಷೇತ್ರದಲ್ಲಿಯೂ ಬೆಂಗಳೂರಿನ ವಿಪ್ರೋ ಕಂಪನಿಯು 1995ರಲ್ಲೇ ಪಿಲಾನಿಯ ಬಿಟ್ಸ್ ಸಂಸ್ಥೆಯ ಸಹಯೋಗದಲ್ಲಿ ವಿಜ್ಞಾನ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು ತಂತ್ರಾಂಶ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಓದಿಸುವ ಅಕಾಡೆಮಿಯನ್ನು ಆರಂಭಿಸಿತು. ಎಚ್.ಸಿ.ಎಲ್. 2017ರಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರಿಗಾಗಿ ಟೆಕ್‌ಬೀ ಕಾರ್ಯಕ್ರಮವನ್ನು ತಂದಿತು. ಇಂತಹವು ಕಂಪನಿಗಳ ಸ್ವಂತ ಏರ್ಪಾಡುಗಳು. ಶಿಶಿಕ್ಷು ಕಾಯಿದೆಯ ಕರಾರು ಇವುಗಳಿಂದ ಭಿನ್ನವಾದುದು. ಅದರ ಹಕ್ಕು ಬಾಧ್ಯತೆಗಳೂ ಬೇರೆ.

ಶಿಶಿಕ್ಷು ಕಾಯಿದೆ, 1961 ಮೊದಲು ಕಾರ್ಖಾನೆಯ ಕಸುಬುಗಳಿಗೆ ಅನ್ವಯಿಸುತ್ತಿತ್ತು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರು ಮತ್ತು ಡಿಪ್ಲೊಮಾ ಪಡೆದವರು, 2014ರ ತಿದ್ದುಪಡಿಯಿಂದ ಎಂಜಿನಿಯರಿಂಗೇತರ ಪದವೀಧರರು ಇದರ ವ್ಯಾಪ್ತಿಗೆ ಬಂದರು. 2019ರ ನಿಯಮಗಳಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಯು ಗುತ್ತಿಗೆ ಸಿಬ್ಬಂದಿಯೂ ಸೇರಿದಂತೆ ಒಟ್ಟು ಬಲದ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಅದೇ ನಿಯಮಗಳು ಕನಿಷ್ಠ ಶಿಷ್ಯವೇತನವನ್ನು ವಿದ್ಯಾರ್ಹತೆಗೆ ಅನುಗುಣವಾಗಿ ತಿಂಗಳಿಗೆ ರೂ. 5,000ದಿಂದ ರೂ. 9,000ದವರೆಗೆ ನಿಗದಿಪಡಿಸಿದವು, ಪದವಿ ಶಿಶಿಕ್ಷುವಿಗೆ ರೂ. 9,000. ಇದನ್ನು ಶೇ. 36ರಷ್ಟು ಏರಿಸಬೇಕೆಂದು ಕೇಂದ್ರ ಶಿಶಿಕ್ಷು ಮಂಡಳಿಯು 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆದುದರಿಂದ ಕರಾರಿನ ದಿನ ಜಾರಿಯಲ್ಲಿರುವ ಅಧಿಸೂಚನೆಯನ್ನು ನೋಡಿಯೇ ಮೊತ್ತವನ್ನು ನಮೂದಿಸತಕ್ಕದ್ದು. ಕನಿಷ್ಠವೆಂದರೆ ಗರಿಷ್ಠವಲ್ಲ ಎಂಬುದನ್ನೂ ಮರೆಯಬಾರದು. ಹೊರ ಜಿಲ್ಲೆಯಿಂದ ಬಂದ ವಿದ್ಯಾರ್ಥಿಯು ಬೆಂಗಳೂರಿನಲ್ಲಿ ರೂ. 9,000ದಲ್ಲಿ ಬಾಡಿಗೆ, ಊಟ, ಬಸ್ಸಿನ ಖರ್ಚು ತೂಗಿಸುವುದು ಕಷ್ಟ; ತಂದೆತಾಯಿಯರು ಹಣ ಕಳಿಸಬೇಕಾಗಿ ಬಂದರೆ ದುಡಿಯುತ್ತ ಓದುವ ಮಾತಿಗೆ ಅರ್ಥವಿರುವುದಿಲ್ಲ.

ಶೈಕ್ಷಣಿಕ ಕಡೆಯಿಂದ ವಿಶ್ವವಿದ್ಯಾಲಯ ಅನುದಾನ ಆಯೋಗವು 2020ರಲ್ಲಿ ಮತ್ತು ಪುನಃ 2025ರಲ್ಲಿ ಶಿಶಿಕ್ಷು ತರಬೇತಿಯನ್ನು ಅಂತರ್ಗತಗೊಳಿಸಿದ ಪದವಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಕಂಪನಿಯಲ್ಲಿ ಕಳೆದ ಸೆಮಿಸ್ಟರುಗಳಿಗೆ ಪದವಿಯ ಲೆಕ್ಕದಲ್ಲಿ ಅಂಕಮಾನ್ಯತೆ ದೊರೆಯುವುದು ಇದರ ತಿರುಳು. ಕರ್ನಾಟಕದಲ್ಲಿ ಆಯ್ದ ಸರ್ಕಾರಿ ಪದವಿ ಕಾಲೇಜುಗಳು ಇಂತಹ ಕೋರ್ಸುಗಳನ್ನು ನಡೆಸುತ್ತಿವೆ.

ಇಂಗ್ಲೆಂಡಿಗೂ ನಮಗೂ ಇರುವ ಮೂಲಭೂತ ವ್ಯತ್ಯಾಸ ಶಿಶಿಕ್ಷುವಿನ ಸ್ಥಾನಮಾನದ್ದು. ಅಲ್ಲಿ ಅವನು ನೌಕರ. ನಮ್ಮ ಕಾಯಿದೆಯ 18ನೆಯ ಕಲಮಿನಂತೆ ಅವನು ತರಬೇತಿ ಪಡೆಯುವವನು, ಕೆಲಸಗಾರನಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ನೌಕರ ಎಂಬ ಪದದ ವ್ಯಾಖ್ಯೆಯಿಂದ ಈ ಕಾಯಿದೆಯ ಶಿಶಿಕ್ಷುವನ್ನು ಹೊರಗಿಟ್ಟಿದೆ. ಉದ್ಯೋಗದಾತರಿಗೆ ಇದು ಸೌಲಭ್ಯವಾದರೂ, ಸೌಲಭ್ಯದ ಸಮರ್ಥನೆ ಒಂದೇ: ಅವನು ಅಲ್ಲಿ ಕಲಿಯುತ್ತಿದ್ದಾನೆ ಎಂಬುದು. ಕಲಿಕೆಯಿಲ್ಲದೆ ಕೇವಲ ದುಡಿಮೆ ಪಡೆದರೆ ಆ ಸಮರ್ಥನೆಯೇ ಕುಸಿಯುತ್ತದೆ.

ಒಂದು ಕಾಲ್ಪನಿಕ ಲೆಕ್ಕ

200 ಜನರಿರುವ ತಂತ್ರಾಂಶ ಸಂಸ್ಥೆಯೊಂದನ್ನು ಊಹಿಸೋಣ. ಶೇ. 2.5ರಂತೆ ಅದು ಕನಿಷ್ಠ 5 ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ತಲಾ ರೂ. 9,000ದಂತೆ ಶಿಷ್ಯವೇತನ ವರ್ಷಕ್ಕೆ ರೂ. 5,40,000. ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯ ಷರತ್ತುಗಳಿಗೆ ಒಳಪಟ್ಟು ಕೇಂದ್ರ ಸರ್ಕಾರವು ಕನಿಷ್ಠ ಶಿಷ್ಯವೇತನದ ಅರ್ಧವನ್ನು ನೇರವಾಗಿ ಶಿಶಿಕ್ಷುವಿನ ಬ್ಯಾಂಕ್ ಖಾತೆಗೆ ಕೊಟ್ಟರೆ ಸಂಸ್ಥೆಯ ಪಾಲು ರೂ. 2,70,000. ಹೆಚ್ಚಿನ ಸಂಸ್ಥೆಗಳ ಲೆಕ್ಕ ಇಲ್ಲಿಗೇ ಮುಗಿಯುತ್ತದೆ.

ಆದರೆ ಪ್ರತಿ ಶಿಶಿಕ್ಷುವಿಗೆ ಮಾರ್ಗದರ್ಶಕನಾದ ಹಿರಿಯ ಎಂಜಿನಿಯರ್ ವಾರಕ್ಕೆ 4 ಗಂಟೆ ವ್ಯಯಿಸುತ್ತಾನೆನ್ನೋಣ. 48 ವಾರಗಳಿಗೆ 192 ಗಂಟೆ. ಅವನ ಒಂದು ಗಂಟೆಯ ವೆಚ್ಚ ರೂ. 600 ಎಂದರೂ ಒಬ್ಬ ಶಿಶಿಕ್ಷುವಿಗೆ ರೂ. 1,15,200; ಐವರಿಗೆ ರೂ. 5,76,000. ಅಂದರೆ ಕಲಿಸುವವನ ವೇಳೆಯ ಬೆಲೆ ಸಂಸ್ಥೆಯು ಕೈಯಿಂದ ಕೊಡುವ ಶಿಷ್ಯವೇತನದ ಎರಡರಷ್ಟಕ್ಕಿಂತ ಹೆಚ್ಚು. ಈ ಬಾಬತ್ತನ್ನು ಆಯವ್ಯಯದಲ್ಲಿ ತೋರಿಸದಿದ್ದರೆ ಮಾರ್ಗದರ್ಶಕನಿಗೆ ಅದು ಮೈಮೇಲೆ ಬಿದ್ದ ಹೆಚ್ಚುವರಿ ಕೆಲಸವಾಗುತ್ತದೆ. ಅವನು ಕಲಿಸುವುದನ್ನು ಬಿಡುತ್ತಾನೆ. ಶಿಶಿಕ್ಷುವಿನ ಪಾಲಿಗೆ ಒಂದೇ ಬಗೆಯ ಪರೀಕ್ಷೆಗಳನ್ನು ವರ್ಷವಿಡೀ ಓಡಿಸುವ ಯಾಂತ್ರಿಕ ಕೆಲಸ ಉಳಿಯುತ್ತದೆ.

ಲೆಕ್ಕಪತ್ರ ಮತ್ತು ತೆರಿಗೆ

ತರಬೇತಿಯ ಖರ್ಚನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸಲು ಲೆಕ್ಕಪತ್ರ ಮಾನಕ 26 ಆಗಲಿ, ಇಂಡ್ ಎ.ಎಸ್. 38 ಆಗಲಿ ಅವಕಾಶ ಕೊಡುವುದಿಲ್ಲ. ನುರಿತ ವ್ಯಕ್ತಿಯ ಮೇಲೆ ಕಂಪನಿಗೆ ಸಾಕಷ್ಟು ನಿಯಂತ್ರಣವಿರುವುದಿಲ್ಲ, ಅವನು ಬಿಟ್ಟುಹೋಗಬಹುದು. ಆದುದರಿಂದ ಖರ್ಚು ಪೂರ್ತಿಯಾಗಿ ಆಯಾ ವರ್ಷದ ಲಾಭ ನಷ್ಟದ ತಖ್ತೆಗೆ ಬೀಳುತ್ತದೆ. ಫಲವು ಮುಂದಿನ ವರ್ಷಗಳಲ್ಲಿ, ಬೇರೆ ತಲೆಬರಹದಡಿ, ಕಾಣದಂತೆ ಬರುತ್ತದೆ. ಲಾಭ ಕುಗ್ಗಿದ ವರ್ಷ ತರಬೇತಿಯ ಬಾಬತ್ತಿಗೆ ಮೊದಲು ಕತ್ತರಿ ಬೀಳಲು ಇದೇ ಕಾರಣ. ಇದನ್ನು ತಡೆಯಲು ನೇಮಕಾತಿ ವೆಚ್ಚದಲ್ಲಿ ಉಳಿದ ಹಣ, ಹೊಸಬನು ಸ್ವತಂತ್ರವಾಗಿ ಕೆಲಸ ಮಾಡಲು ಹಿಡಿದ ಕಾಲ, ಎರಡು ವರ್ಷದ ನಂತರ ಉಳಿದವರ ಸಂಖ್ಯೆ ಇವುಗಳನ್ನು ಆಂತರಿಕ ವರದಿಯಲ್ಲಿ ಪ್ರತ್ಯೇಕವಾಗಿ ದಾಖಲಿಸುವುದು ಒಳಿತು.

ಹೊಸ ನೌಕರರ ನೇಮಕಕ್ಕೆ ಆದಾಯ ತೆರಿಗೆಯಲ್ಲಿ ದೊರೆಯುವ ಶೇ. 30ರ ಹೆಚ್ಚುವರಿ ಕಡಿತವನ್ನು ಶಿಶಿಕ್ಷುಗಳಿಗೂ ಕೇಳಬಹುದೆಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. 1961ರ ತೆರಿಗೆ ಕಾಯಿದೆಯ 80ಜೆಜೆಎಎ ಕಲಮು ಭವಿಷ್ಯ ನಿಧಿಯ ಸದಸ್ಯತ್ವವನ್ನು ಷರತ್ತಾಗಿ ಇಟ್ಟಿತ್ತು. ಭವಿಷ್ಯ ನಿಧಿಯ ಹೊರಗಿರುವ ಶಿಶಿಕ್ಷುವನ್ನು ತೋರಿಸಿ ಈ ಕಡಿತ ಕೇಳುವುದು ಸರಿಯಾಗದು.

ಮುಚ್ಚಳಿಕೆಯ ಪ್ರಶ್ನೆ

ಓದಿಸಿದ ಬಳಿಕ ಬಿಟ್ಟುಹೋದರೆ ಎಂಬ ಭಯ ಉದ್ದಿಮೆದಾರನಿಗೆ ಸಹಜ. ಕನಿಷ್ಠ ಸೇವಾವಧಿಗೆ ಮುನ್ನ ರಾಜೀನಾಮೆ ಕೊಟ್ಟವರಿಂದ ರೂ. 2 ಲಕ್ಷ ವಸೂಲಿ ಮಾಡುವ ಷರತ್ತನ್ನು ಸರ್ವೋಚ್ಚ ನ್ಯಾಯಾಲಯವು ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, 2025ರ ಮೇ ತಿಂಗಳಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪನ್ನು ಬದಿಗೊತ್ತಿ ಎತ್ತಿಹಿಡಿಯಿತು. ಆದರೆ ಅಲ್ಲಿದ್ದುದು ಸಾರ್ವಜನಿಕ ವಲಯದ ಬ್ಯಾಂಕಿನ ಅಧಿಕಾರಿಯ ನೇಮಕಾತಿ. ಮೊತ್ತವು ಮಿತಿಮೀರಿದುದಲ್ಲ ಎಂಬುದೂ ಪರಿಗಣನೆಗೆ ಬಂದಿತ್ತು. ಈ ತೀರ್ಪನ್ನು ಹಿಡಿದು ಶಿಶಿಕ್ಷುವಿನ ಮೇಲೆ ಮನಸ್ಸಿಗೆ ಬಂದ ಮೊತ್ತ ಹೇರಲಾಗದು. ಶಿಶಿಕ್ಷು ನಿಯಮಗಳು ಎರಡು ಕಡೆಗೂ ತೂಗುತ್ತವೆ. ಉದ್ಯೋಗದಾತನ ಲೋಪದಿಂದ ಕರಾರು ಮುರಿದರೆ ಅವನು ಮೂರು ತಿಂಗಳ ಶಿಷ್ಯವೇತನಕ್ಕೆ ಸಮನಾದ ಪರಿಹಾರ ಕೊಡಬೇಕು. ಶಿಶಿಕ್ಷುವಿನ ಲೋಪವಾದರೆ ಶಿಶಿಕ್ಷು ಸಲಹೆಗಾರ ಅಧಿಕಾರಿಯು ನಿರ್ಧರಿಸಿದ ತರಬೇತಿ ವೆಚ್ಚವನ್ನು ಅವನು ತುಂಬಿಕೊಡಬೇಕು.

ಸಹಿ ಮಾಡುವ ಮುನ್ನ

ಕಾಲೇಜಿನ ಪ್ರಸ್ತಾವ ಬಂದಾಗ ಸದಸ್ಯ ಸಂಸ್ಥೆಗಳು ಈ ಅಂಶಗಳನ್ನು ಪರಿಶೀಲಿಸುವುದು ಸೂಕ್ತ:

1. ಕಂಪನಿ, ಕಾಲೇಜು, ವಿದ್ಯಾರ್ಥಿ ಮೂವರ ಹೊಣೆಗಳು ಬರವಣಿಗೆಯಲ್ಲಿವೆಯೇ? ಕರಾರು ನಿಗದಿತ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ? ಪದವೀಧರ ವರ್ಗದ ಶಿಶಿಕ್ಷುಗಳಿಗೆ ಕರ್ನಾಟಕದ ಮಟ್ಟಿಗೆ ಸಂಬಂಧಪಟ್ಟ ಕಚೇರಿ ಚೆನ್ನೈನ ದಕ್ಷಿಣ ವಲಯ ಶಿಶಿಕ್ಷು ತರಬೇತಿ ಮಂಡಳಿ.

2. ಕಲಿಕೆಯ ದಿನ ಯಾವುದು? ಗಡುವಿನ ಒತ್ತಡದಲ್ಲಿ ಅದು ತಪ್ಪಿದರೆ ಯಾವ ದಿನ ತುಂಬಿಕೊಡಲಾಗುತ್ತದೆ?

3. ಮಾರ್ಗದರ್ಶಕನ ಹೆಸರು ನಿಗದಿಯಾಗಿದೆಯೇ? ಅವನ ಕೆಲಸದ ಹೊರೆಯಿಂದ ಆ ಗಂಟೆಗಳನ್ನು ಕಳೆಯಲಾಗಿದೆಯೇ?

4. ಶಿಷ್ಯವೇತನವು ಮರುತಿಂಗಳ 10ನೆಯ ತಾರೀಖಿನೊಳಗೆ ಸಂದಾಯವಾಗುವ ವ್ಯವಸ್ಥೆ ಇದೆಯೇ?

5. ಪ್ರತಿ ಸೆಮಿಸ್ಟರಿಗೆ ಶಿಶಿಕ್ಷುವು ಕಲಿಯಬೇಕಾದ ಕೆಲಸಗಳ ಪಟ್ಟಿ ಇದೆಯೇ?

6. ತರಬೇತಿ ಮುಗಿದವರನ್ನು ನೌಕರಿಗೆ ತೆಗೆದುಕೊಳ್ಳುವ ನೀತಿಯನ್ನು ಸಂಸ್ಥೆಯು ರೂಪಿಸಿದೆಯೇ? ನೌಕರಿ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಕಾಯಿದೆಯ 22ನೆಯ ಕಲಮಿನಂತೆ ನೀತಿಯೊಂದು ಇರಲೇಬೇಕು. ಅದನ್ನು ಸೇರುವ ದಿನವೇ ವಿದ್ಯಾರ್ಥಿಗೆ ತಿಳಿಸುವುದು ನ್ಯಾಯ.

ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೆ ದೊಡ್ಡ ಕಂಪನಿಯ ಬಾಗಿಲು ತೆರೆಯುವ ದಾರಿಗಳು ಹೆಚ್ಚಿಲ್ಲ, ಇದು ಅವುಗಳಲ್ಲೊಂದು. ಅವನು ಪಣಕ್ಕಿಡುವುದು ತನ್ನ ಪದವಿಯ ವರ್ಷಗಳನ್ನು. ಅವು ವ್ಯರ್ಥವಾದರೆ ಯಾವ ಪರಿಹಾರದ ಮೊತ್ತದಿಂದಲೂ ತುಂಬಿಕೊಡಲಾಗದು. ಬಿತ್ತಿದಂತೆ ಬೆಳೆ ಎಂಬ ಮಾತು ತರಬೇತಿಗೂ ಸಲ್ಲುತ್ತದೆ. ವಾರಕ್ಕೆ ಒಂದು ಕಲಿಕೆಯ ದಿನವನ್ನೂ, ಕಲಿಸುವವನ ನಾಲ್ಕು ಗಂಟೆಯನ್ನೂ ತನ್ನ ಆಯವ್ಯಯದಲ್ಲಿ ಬರೆದಿಟ್ಟ ಸಂಸ್ಥೆಯು ಶಿಶಿಕ್ಷುಗಳನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಅಷ್ಟನ್ನು ಬರೆದಿಡಲಾಗದ ಸಂಸ್ಥೆಯು ಕಾನೂನು ವಿಧಿಸಿದ ಕನಿಷ್ಠ ಸಂಖ್ಯೆಗೇ ನಿಂತು, ಮೊದಲು ಆ ಕೆಲವರಿಗೆ ಕಲಿಸುವ ಏರ್ಪಾಡನ್ನು ಸರಿಪಡಿಸಿಕೊಳ್ಳುವುದು ಲೇಸು.